ಹೋಗ್ಲಿಬಿಡಪ್ಪ ಗುದ್ದಿದ್ದು ಯಾರಿಗೆ?

ಒಬ್ಬ ಮನುಷ್ಯ ಇನ್ನೊಬ್ಬನಿಗೆ ಗುದ್ದಿದರೆ ಯಾರೂ ಹೆದರುವುದಿಲ್ಲ. ಗುದ್ದು ತಿಂದವನೊಬ್ಬನನ್ನು ಬಿಟ್ಟು ಮಿಕ್ಕವರೆಲ್ಲ, ಸದ್ಯ ನಮಗಲ್ಲವಲ್ಲ ಎಂದು ಸಮಾಧಾನದಿಂದ ಚಹಾ ಕುಡಿಯಲು ಹೋಗುತ್ತಾರೆ. ಆದರೆ ಎದುರಿಗೆ ಯಾರೂ ಇಲ್ಲದೆ ಒಬ್ಬನೇ ನಿಂತು ಗಾಳಿಗೆ ಗುದ್ದುವವನಿದ್ದಾನಲ್ಲ, ಅವನು ಅಪಾಯಕಾರಿ. ಆ ಗುದ್ದಿಗೆ ವಿಳಾಸವಿಲ್ಲ. ವಿಳಾಸವಿಲ್ಲದ ಗುದ್ದು ತನಗೇ ಬಂದದ್ದಿರಬೇಕೆಂದು ಬೀದಿಯ ಪ್ರತಿಯೊಬ್ಬನೂ ಬಾಗಿಲ ಸಂದಿಯಿಂದ ನೋಡತೊಡಗುತ್ತಾನೆ.

ಇಂಥ ಅಪಾಯಕಾರಿಯಾಗಿ ಬದಲಾದವನು ಅಂಗಿ ಕಾರ್ಖಾನೆಯ ಇಸ್ತ್ರಿ ವಿಭಾಗದ ಒಬ್ಬ ನೌಕರ. ಅವನ ಹೆಸರು ಹೆಂಡತಿಗೂ ಮರೆತುಹೋಗುವಷ್ಟು ಹಳೆಯದಾಗಿತ್ತು. ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಹೋಗ್ಲಿಬಿಡಪ್ಪ ಎಂದು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ, ಅವರ ಚಪ್ಪಲಿಗೆ ತನ್ನ ಉಗುರು ಚುಚ್ಚಿತೇನೋ ಎಂದು ಬಗ್ಗಿ ನೋಡಿ, "ಹೋಗ್ಲಿ ಬಿಡಿ" ಎನ್ನುವ ಜಾತಿ. ಅಂಗಡಿಯವನು ಕೊಳೆತ ಹಣ್ಣು ಹಾಕಿದರೆ "ಹೋಗ್ಲಿ ಬಿಡಿ". ಕಳೆದ ಬೇಸಿಗೆಯಲ್ಲಿ ಇಸ್ತ್ರಿ ವಿಭಾಗದ ಹಬೆಯ ಕೊಳವೆ ಒಡೆದಾಗಲೂ ಅದನ್ನೇ ಅಂದಿದ್ದ.

ಆ ಕೊಳವೆಯ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅವತ್ತು ಹಬೆ ಬುಸ್ಸೆಂದು ನುಗ್ಗಿದಾಗ ಎಲ್ಲರೂ ಹಿಂಬಾಗಿಲಿಗೆ ಓಡಿದರು. ಹಿಂಬಾಗಿಲಿಗೆ ಬೀಗ. ಕೆಲಸಗಾರರು ಅಂಗಿ ಕದ್ದು ಹಿಂದಿನಿಂದ ಸಾಗಿಸುತ್ತಾರೆ ಎಂಬ ಅನುಮಾನದಿಂದ ಮ್ಯಾನೇಜರು ಹಾಕಿಸಿದ ಬೀಗ. ಹಾಕಿಸಿದ ಮೇಲೆ ಒಂದು ಅಂಗಿಯೂ ಕಳವಾಗಿಲ್ಲ. ಅದಕ್ಕೆ ಮುಂಚೆಯೂ ಆಗಿರಲಿಲ್ಲ. ಎಲ್ಲರೂ ತಿರುಗಿ, ಅದೇ ಹಬೆಯೊಳಗಿಂದ ಮುಂಬಾಗಿಲಿಗೆ ಓಡಬೇಕಾಯಿತು. ಗುಂಡಿ ಹೊಲಿಯುವ ಹೆಂಗಸು, ಎಲ್ಲರೂ ಗುಂಡಿ ಅಕ್ಕ ಅನ್ನುವವಳು, ಮೊಣಕೈಯಿಂದ ಮುಂಗೈವರೆಗೆ ಸುಟ್ಟುಕೊಂಡಳು. ಮ್ಯಾನೇಜರು ಬಂದು ನೋಡಿ, "ಸದ್ಯ, ಮಾಲಿಗೇನೂ ಆಗ್ಲಿಲ್ಲ" ಎಂದರು. ಹೋಗ್ಲಿಬಿಡಪ್ಪ ಅಭ್ಯಾಸಬಲದಿಂದ ಅವಳಿಗೆ, "ಹೋಗ್ಲಿ ಬಿಡಕ್ಕ" ಅಂದುಬಿಟ್ಟ.

"ಹೋಗಿದ್ದು ನನ್ನ ಚರ್ಮ ಕಣಪ್ಪ. ನಿಂದಲ್ಲ" ಎಂದು ಅವಳು ಮುಖ ತಿರುಗಿಸಿದ್ದಳು. ಆಮೇಲೆ ಅವನ ಜೊತೆ ಮಾತು ಬಿಟ್ಟಳು. ಬೀಗ ಮಾತ್ರ ಇದ್ದಲ್ಲೇ ಇತ್ತು.

ಈಗ ಗುದ್ದಿನ ವಿಷಯ. ಅದು ಶುರುವಾದದ್ದು ಒಂದು ಸಣ್ಣ ಜಂಬದಿಂದ. ಭಾವಮೈದುನನ ಮನೆಗೆ ಊಟಕ್ಕೆ ಹೋಗಿದ್ದಾಗ ಅವನು ತೋಳು ಮಡಚಿ, ಅದರ ಮೇಲೆ ಎದ್ದ ಉಬ್ಬನ್ನು ಎಲ್ಲರಿಗೂ ಮುಟ್ಟಿಸುತ್ತಿದ್ದ.

"ಭಾವ, ನೀವೂ ಏನಾದ್ರೂ ಮಾಡಿ. ಬಟ್ಟೆ ಇಸ್ತ್ರಿ ಮಾಡಿ ಮಾಡಿ ನೀವೇ ಚಪ್ಪಟೆ ಆಗಿಬಿಟ್ಟಿದ್ದೀರಿ."

ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು. ಅವಳು ನಗದೆ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬಸ್ಸಿಗೆ ಕಾಯುವಾಗ ಪ್ರತಿದಿನ ಕಣ್ಣಿಗೆ ಬೀಳುತ್ತಿದ್ದ ಬೋರ್ಡೊಂದು ಆ ಕ್ಷಣ ಅವನ ಬಾಯಿಗೆ ಬಂತು. "ನಾನು ಕೊರಿಯಾದ ಸಾಂಪ್ರದಾಯಿಕ ಯುದ್ಧಕಲೆ ಕಲೀತಿದ್ದೀನಿ" ಅಂದ.

ನಗು ನಿಂತಿತು. ಭಾವಮೈದುನ ಮಡಚಿದ ತೋಳನ್ನು ಮೆಲ್ಲಗೆ ಬಿಚ್ಚಿದ. "ಯಾವಾಗಿಂದ?"

"ಅದನ್ನೆಲ್ಲ ಹೇಳೋ ಹಾಗಿಲ್ಲ."

ಹೇಳಿಯಾದ ಮೇಲೆ ಕಲಿಯದೆ ವಿಧಿಯಿಲ್ಲ. ಟೈರ್ ಅಂಗಡಿಯ ಮೇಲಿನ ಹಾಲಿನಲ್ಲಿ ಸಂಜೆ ತರಗತಿ. ಅವನ ಪಾಳಿಗೆ ಹೊಂದಿದ್ದು ಮಕ್ಕಳ ತಂಡ ಮಾತ್ರ. ಹೀಗಾಗಿ ಹಲ್ಲು ಬೀಳುತ್ತಿರುವ ಮಕ್ಕಳ ಸಾಲಿನಲ್ಲಿ ತಲೆಗೂದಲು ಬೀಳುತ್ತಿರುವ ಹೋಗ್ಲಿಬಿಡಪ್ಪ ಬಿಳಿ ಉಡುಪು, ಬಿಳಿ ಬೆಲ್ಟು ಹಾಕಿ ನಿಂತ. ಕಲಿಸುವವರು ಟೀಚರಮ್ಮ, ಹಗಲು ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವ ಸಣಕಲು ಹೆಂಗಸು. ದನಿ ಎತ್ತುವವರಲ್ಲ.

ಮೊದಲು ಕಲಿಸುವುದು ಹ್ಯುಂಗ್. ಅಂದರೆ, ಇಂಥ ಹೆಜ್ಜೆಯ ಮೇಲೆ ಇಂಥ ತಡೆ, ಇಂಥ ಗುದ್ದು ಎಂದು ಹಿಂದಿನವರು ಕಟ್ಟಿಟ್ಟ ಒಂದು ಸರಣಿ. ಎಡಕ್ಕೆ ತಿರುಗಿ ತಡೆ, ಮುಂದೆ ಹೋಗಿ ಗುದ್ದು. ಹಿಂದಕ್ಕೆ ಹೊರಳಿ ಬಲಗಡೆ ಅದೇ ತಡೆ, ಅದೇ ಗುದ್ದು. ಆಮೇಲೆ ಮತ್ತೆ ಎಡಕ್ಕೆ ತಿರುಗಿದರೆ ಮುಖ ಎದುರಿಗೆ ಬರುತ್ತದೆ. ಅಲ್ಲಿ ಸಾಲಾಗಿ ಗುದ್ದುತ್ತ ಹೋಗಿ, ಕೊನೆಯ ಗುದ್ದಿಗೆ ಹೊಟ್ಟೆಯಿಂದ ಒಂದು ಕೂಗು. ಆ ಕೂಗಿಗೆ ಕಿಹಾಪ್ ಅನ್ನುತ್ತಾರೆ. ಮುಗಿಸಿದ ಮೇಲೆ ಸಿದ್ಧನಿಲುವಿನಲ್ಲಿ ಕಂಬದಂತೆ ನಿಲ್ಲಬೇಕು. ವಿಶ್ರಾಂತಿ ಎಂಬ ಅರ್ಥದ ಕೊರಿಯಾದ ಮಾತನ್ನು ಟೀಚರಮ್ಮ ಹೇಳುವವರೆಗೆ ಅಲ್ಲಾಡುವ ಹಾಗಿಲ್ಲ.

ಹೋಗ್ಲಿಬಿಡಪ್ಪನಿಗೆ ಎಡ ಬಲದ ಜ್ಞಾನ ಮೊದಲಿಂದ ಅಷ್ಟಕ್ಕಷ್ಟೆ. ಅವನು ನೋಡಿ ಕಲಿತದ್ದು ಮುಂದಿನ ಸಾಲಿನ ಒಂದು ಪುಟ್ಟ ಹುಡುಗಿಯನ್ನು. ಅವಳು ತೀರಾ ಆತ್ಮವಿಶ್ವಾಸದಿಂದ ತಪ್ಪು ಮಾಡುವವಳು. ಎದುರಿಗೆ ಬರಬೇಕಾದ ಆ ತಿರುವಿನಲ್ಲಿ ಅವಳು ಬಲಕ್ಕೆ ತಿರುಗುತ್ತಿದ್ದಳು. ಬಲಕ್ಕೆ ತಿರುಗಿದರೆ ಮುಖ ಎಲ್ಲಿಗೆ ಬರುತ್ತದೆ? ಹಿಂದಕ್ಕೆ. ಎಲ್ಲ ಮಕ್ಕಳೂ ಮುಂದಕ್ಕೆ ಗುದ್ದುತ್ತ ಹೋದರೆ ಆ ಹುಡುಗಿ, ಅವಳ ಬೆನ್ನಿಗೆ ಹೋಗ್ಲಿಬಿಡಪ್ಪ, ಹಿಂದಿನ ಗೋಡೆಯ ಕಡೆ ವೀರಾವೇಶದಿಂದ ಹೊರಟುಬಿಡುತ್ತಿದ್ದರು. ಹುಡುಗಿ ವಾರದಲ್ಲಿ ತಿದ್ದಿಕೊಂಡಳು. ಇವನಿಗೆ ಅದೇ ಗಟ್ಟಿಯಾಯಿತು.

ಟೀಚರಮ್ಮ ಅದಕ್ಕಿಂತ ದೊಡ್ಡ ತಪ್ಪು ಹಿಡಿದರು. "ನಿಮ್ಮ ಮುಷ್ಟಿ ಖಾಲಿ ಇದೆ. ಎದುರಿಗೆ ಒಬ್ಬ ಮನುಷ್ಯ ಇದ್ದಾನೆ ಅಂತ ಅಂದ್ಕೊಂಡು ಗುದ್ದಬೇಕು. ಇಲ್ದಿದ್ರೆ ಅದು ಹ್ಯುಂಗ್ ಅಲ್ಲ, ನೊಣ ಓಡ್ಸೋದು."

"ಯಾರನ್ನ ಅಂದ್ಕೊಳ್ಳಲಿ ಟೀಚರಮ್ಮ?"

"ಅದು ನಿಮಗೆ ಬಿಟ್ಟಿದ್ದು. ನಾನು ಕೇಳಲ್ಲ, ನೀವು ಹೇಳಬೇಡಿ. ಆದ್ರೆ ಅವನು ಇರಬೇಕು. ಪರೀಕ್ಷೆಲಿ ನಾನು ನೋಡೋದು ಅದನ್ನೇ."

ಅವನು ಪ್ರಾಮಾಣಿಕವಾಗಿ ಪ್ರಯತ್ನಪಟ್ಟ. ಯಾರನ್ನು ಎದುರಿಗೆ ತಂದುಕೊಂಡರೂ, ಗುದ್ದುವ ಮೊದಲು ಕುರ್ಚಿ ಹಾಕಿ ಕೂರಿಸೋಣ ಅನ್ನಿಸುತ್ತಿತ್ತು. ಹಗೆಯೇ ಇಲ್ಲದ ಮನುಷ್ಯ ಗುದ್ದುವುದು ಯಾರಿಗೆ? ಹೀಗೆ ಆಳು ಹುಡುಕುತ್ತ, ಬೆಳಗಿನ ಹೊತ್ತು ಬಾಡಿಗೆ ಮನೆಯ ಅಂಗಳದಲ್ಲಿ ಅಭ್ಯಾಸ ಆರಂಭಿಸಿದ.

ಅಂಗಳದ ಎಡಕ್ಕೆ ಮನೆ ಮಾಲೀಕರ ಅಡಿಗೆಮನೆ ಕಿಟಕಿ. ಮಾಲೀಕರು ಹಲ್ಲುಜ್ಜುತ್ತ ನಿಂತಿದ್ದಾಗ, ಕೆಳಗೆ ಬಾಡಿಗೆಯವನು ಥಟ್ಟನೆ ತಮ್ಮ ಕಡೆಗೆ ತಿರುಗಿ, ಏನನ್ನೋ ತಡೆದು, ನೇರವಾಗಿ ಕಿಟಕಿಗೆ ಗುದ್ದಿದ್ದು ಕಾಣಿಸಿತು. ನೊರೆ ಗಂಟಲಿಗೆ ಇಳಿಯಿತು. ಮರುದಿನವೂ ಅದೇ. ಮೂರನೆಯ ದಿನ ಮಾಲೀಕರು ತಾವಾಗಿ ಕೆಳಗಿಳಿದು ಬಂದರು.

"ನಲ್ಲಿಲಿ ನೀರು ಸಣ್ಣ ಬರ್ತಿತ್ತಲ್ಲ? ವಾಲ್ವ್ ಸ್ವಲ್ಪ ತಿರುಗಿತ್ತು. ಹಕ್ಕಿ ಗಿಕ್ಕಿ ಕೂತು ತಿರುಗಿರಬೇಕು. ಸರಿ ಮಾಡಿದ್ದೀನಿ."

"ಹಕ್ಕಿಗೆ ವಾಲ್ವ್ ತಿರುಗ್ಸೋಕೆ ಬರುತ್ತಾ ಸಾರ್?" ಅವನು ನಿಜವಾಗಿ ಬೆರಗಾಗಿ ಕೇಳಿದ.

ಮಾಲೀಕರು ಅವನ ಮುಖವನ್ನೇ ನೋಡಿದರು. ಇಷ್ಟು ಮುಗ್ಧವಾಗಿ ಕೇಳುವವನು ಎಲ್ಲವನ್ನೂ ಬಲ್ಲವನೇ ಇರಬೇಕು. "ಆಯ್ತು, ನಾನೇ ತಿರುಗಿಸಿದ್ದೆ. ಇನ್ನು ತಿರುಗ್ಸಲ್ಲ" ಎಂದು ಹೇಳಿ ಮೆಟ್ಟಿಲು ಹತ್ತಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇಲ್ಲಿ ಕಳ್ಳ ಅಂದವರೇ ಯಾರೂ ಇಲ್ಲ, ಆದರೂ ಬೀದಿಯ ತುಂಬ ಹೆಗಲು ಸವರಿಕೊಳ್ಳುವವರು. ಬಲಗಡೆ ಮನೆಯವರು ಎಂದೋ ಒಯ್ದಿದ್ದ ಏಣಿಯನ್ನು ತೊಳೆದು ತಂದು ಗೋಡೆಗೆ ಒರಗಿಸಿ ಹೋದರು. ಭಾವಮೈದುನ ಒಂದು ರೇಡಿಯೋ ಹಿಡಿದುಕೊಂಡು ಬಂದ.

"ಇದು ನಮ್ಮ ಮನೇಲಿ ಕಳೆದುಹೋಗಿದ್ದ ರೇಡಿಯೋ ಅಲ್ವಾ?" ಹೋಗ್ಲಿಬಿಡಪ್ಪ ಕೇಳಿದ.

"ಅಕ್ಕನೇ ಕೊಟ್ಟಿದ್ದು ಭಾವ. ನಾನು ಬೇಡ ಅಂದೆ."

ಆ ಅಕ್ಕ, ಅಂದರೆ ಇವನ ಹೆಂಡತಿ, ಒಲೆ ಆರಿಸಿ ಹೊರಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಕೇಳೇಬಿಡ್ತೀನಿ. ದಿನಾ ಬೆಳಿಗ್ಗೆ ಹಲ್ಲು ಕಚ್ಚಿ ಗುದ್ದುತೀರಲ್ಲ, ನನ್ನ ಮುಖ ನೆನೆಸ್ಕೊಂಡೇ ತಾನೆ?"

"ಅಯ್ಯೋ ಇಲ್ಲ ಕಣೇ."

"ಮತ್ತೆ ಯಾರನ್ನ?"

"ಯಾರನ್ನೂ ಇಲ್ಲ. ಟೀಚರಮ್ಮ ಹೇಳಬೇಡಿ ಅಂದಿದ್ದಾರೆ."

"ಯಾರೂ ಇಲ್ದಿದ್ರೆ ಹೇಳಬೇಡಿ ಅಂತ ಯಾಕೆ ಅಂತಾರೆ? ಯಾವ ಟೀಚರಮ್ಮ?"

ಆ ಸಂಜೆಯ ಸಾರಿಗೆ ಉಪ್ಪು ಬೀಳಲಿಲ್ಲ. ಸಂಸಾರವೆಂಬುದು ನಂಬಿಕೆಯ ಮೇಲೆ ನಿಂತಿದೆ ಎನ್ನುವವರು ಅದರ ಅಡಿಪಾಯವನ್ನು ಬಗ್ಗಿ ನೋಡಿದವರಲ್ಲ.

ಮನೆಯಲ್ಲಿ ಅಭ್ಯಾಸ ಕಷ್ಟವಾಯಿತು. ಹೋಗ್ಲಿಬಿಡಪ್ಪ ಅದನ್ನು ಕಾರ್ಖಾನೆಯ ಊಟದ ವಿರಾಮಕ್ಕೆ ವರ್ಗಾಯಿಸಿದ. ಇಸ್ತ್ರಿ ಮೇಜುಗಳ ನಡುವಿನ ಓಣಿ ಹ್ಯುಂಗ್‌ಗೆ ಸರಿಹೋಗುವಷ್ಟು ಉದ್ದ. ಎಡಕ್ಕೆ ಸೂಪರ್‌ವೈಸರನ ಕುರ್ಚಿ. ಬಲಕ್ಕೆ ಬಟ್ಟೆ ಕಟ್ಟುಗಳು. ಎದುರಿಗೆ ಮ್ಯಾನೇಜರರ ಗಾಜಿನ ಕೋಣೆ. ಹಿಂದೆ, ಓಣಿಯ ಕೊನೆಗೆ, ಬೀಗ ಹಾಕಿದ ಆ ಬಾಗಿಲು.

ಮೊದಲ ದಿನ ಎಲ್ಲರೂ ನಕ್ಕರು. ಎರಡನೆಯ ದಿನ ಒಬ್ಬಿಬ್ಬರು, ಬೆನ್ನುನೋವಿಗೆ ಒಳ್ಳೆಯದೇನೋ ಎಂದು ಅವನ ಹಿಂದೆ ನಿಂತರು. ವಾರ ಕಳೆಯುವಷ್ಟರಲ್ಲಿ ಇಡೀ ವಿಭಾಗ ಎರಡು ಸಾಲು. ಗುಂಡಿ ಅಕ್ಕ ಕೊನೆಗೆ ಬಂದಳು. ಸುಟ್ಟು ಬಿಗಿದ ಕೈ ಪೂರ್ತಿ ಚಾಚುತ್ತಿರಲಿಲ್ಲ. "ಎಷ್ಟು ಬರುತ್ತೋ ಅಷ್ಟು ಗುದ್ದಕ್ಕ" ಅಂದ ಅವನು. ಬೇಸಿಗೆಯ ನಂತರ ಅವರಿಬ್ಬರ ನಡುವೆ ಅದು ಮೊದಲ ಮಾತು. ಅವಳು ಗುದ್ದಿದಳು. ಅವಳ ಮುಷ್ಟಿ ಖಾಲಿ ಇರಲಿಲ್ಲ.

ಗುರು ತಪ್ಪಾದರೆ ಶಿಷ್ಯರ ಗತಿಯೇನು? ಎದುರಿಗೆ ತಿರುಗಬೇಕಾದ ಕಡೆ ಎಲ್ಲರೂ ಅವನಂತೆಯೇ ಬಲಕ್ಕೆ ತಿರುಗುವವರು. ಗಾಜಿನ ಕೋಣೆಯೊಳಗೆ ಊಟದ ಡಬ್ಬಿ ಬಿಚ್ಚಿದ್ದ ಮ್ಯಾನೇಜರರಿಗೆ ಕಂಡ ದೃಶ್ಯ ಇಷ್ಟು: ಇಸ್ತ್ರಿ ವಿಭಾಗವೆಲ್ಲ ಒಟ್ಟಿಗೆ, ಒಂದು ಮಾತಿಲ್ಲದೆ, ತಮಗೆ ಬೆನ್ನು ಹಾಕಿ ತಿರುಗಿತು, ಬೀಗದ ಬಾಗಿಲಿನ ಕಡೆ ಸಾಲಾಗಿ ಗುದ್ದುತ್ತ ನಡೆಯಿತು, ಬಾಗಿಲ ಹತ್ತಿರ ನಿಂತು ಒಂದೇ ಕೂಗು ಹಾಕಿತು. ಗಂಟೆ ಬಡಿದರೆ ಮತ್ತೆ ಸುಮ್ಮನೆ ಬಂದು ಇಸ್ತ್ರಿ ಹಿಡಿಯಿತು.

ಘೋಷಣೆ ಕೂಗಿದ್ದರೆ ಮ್ಯಾನೇಜರರಿಗೆ ಮದ್ದು ಗೊತ್ತಿತ್ತು. ಬಾವುಟ ಹಿಡಿದಿದ್ದರೆ ಕಿತ್ತು ಎಸೆಯಬಹುದಿತ್ತು. ಏನನ್ನೂ ಕೇಳದ ಜನರಿಗೆ ಏನನ್ನು ಕೊಡುವುದಿಲ್ಲ ಎನ್ನುವುದು? ಅವರಿಗೆ ಊಟ ಸೇರಲಿಲ್ಲ. ಕಾರ್ಮಿಕ ಇಲಾಖೆಯ ಅಧಿಕಾರಿಗೆ ಫೋನ್ ಮಾಡಿದರು. ಆ ಅಧಿಕಾರಿ ಇಲಾಖೆಗೆ ಸೇರಿದವರೋ ಮ್ಯಾನೇಜರರಿಗೆ ಸೇರಿದವರೋ ಎಂಬ ಪ್ರಶ್ನೆ ಕಾರ್ಖಾನೆಯಲ್ಲಿ ಹಳೆಯದು.

ವಿಚಾರಣೆ ನಡೆದದ್ದು ಇಸ್ತ್ರಿ ವಿಭಾಗದಲ್ಲೇ. ಗಾಜಿನ ಕೋಣೆಯಲ್ಲಿ ಅಷ್ಟು ಅನುಮಾನ ಹಿಡಿಸುವಷ್ಟು ಜಾಗವಿರಲಿಲ್ಲ. ಅಧಿಕಾರಿ ಬಟ್ಟೆ ಕಟ್ಟುಗಳ ಪಕ್ಕ ಕುರ್ಚಿ ಹಾಕಿಸಿಕೊಂಡರು. ಸೂಪರ್‌ವೈಸರ್ ತನ್ನ ಕುರ್ಚಿಯ ಹಿಂದೆ ನಿಂತ. ಮ್ಯಾನೇಜರು ಓಣಿಯ ಮುಂದುಗಡೆ, ಕೈ ಕಟ್ಟಿಕೊಂಡು. ನಡುವೆ ಹೋಗ್ಲಿಬಿಡಪ್ಪ, ಅವನ ಹಿಂದೆ ಮತ್ತು ಇಕ್ಕೆಲದಲ್ಲಿ ಇಡೀ ವಿಭಾಗ.

"ನಿನ್ನ ಹಿಂದೆ ಯಾರಿದ್ದಾರೆ?" ಮ್ಯಾನೇಜರು ಕೇಳಿದರು.

ಹೋಗ್ಲಿಬಿಡಪ್ಪ ತಿರುಗಿ ನೋಡಿದ. "ಗುಂಡಿ ಅಕ್ಕ, ಸಾರ್."

"ತಲೆಹರಟೆ ಬೇಡ. ಯಾರಿಗೆ ಗುದ್ದುತಿದ್ದೀಯ?"

"ಇನ್ನೂ ಸಿಕ್ಕಿಲ್ಲ ಸಾರ್. ಹುಡುಕ್ತಿದ್ದೀನಿ."

ಮ್ಯಾನೇಜರು ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ಗಂಟಲು ಸರಿಮಾಡಿಕೊಂಡರು. "ಕೊರಿಯಾದಿಂದ ನಿನಗೆ ಏನಾದ್ರೂ ಬರುತ್ತೇನಪ್ಪ?"

"ಬೆವರು ಬರುತ್ತೆ ಸಾರ್."

"ಸಾರ್, ಎಲ್ಲ ಸಂಚು" ಎಂದ ಸೂಪರ್‌ವೈಸರ್. "ಮಾಡಿ ತೋರಿಸು ಅನ್ನಿ. ನೀವೇ ಕಣ್ಣಾರೆ ನೋಡಿ."

ಹೋಗ್ಲಿಬಿಡಪ್ಪ ಸಿದ್ಧನಿಲುವಿಗೆ ಬಂದ. ಎದುರಿಗಿದ್ದವರಿಗೆ ಕಂಡದ್ದು ಮುಷ್ಟಿ ಮಾತ್ರ.

ಎಡಕ್ಕೆ ತಿರುಗಿದ, ತಡೆದ, ಮುಂದೆ ಹೋಗಿ ಗುದ್ದಿದ. ಮುಷ್ಟಿ ಸೂಪರ್‌ವೈಸರನ ಅಂಗಿಯ ಗುಂಡಿಗೆ ತಾಗುವಷ್ಟರಲ್ಲಿ ನಿಂತಿತು.

"ಬೀಗ ಹಾಕು ಅಂದಿದ್ದು ಮ್ಯಾನೇಜರು ಕಣೋ" ಎಂದ ಸೂಪರ್‌ವೈಸರ್. "ನಾನು ಬರೀ ಹಾಕಿದವನು."

ಬೀಗದ ಮಾತನ್ನು ಅಲ್ಲಿಯವರೆಗೆ ಯಾರೂ ಎತ್ತಿರಲಿಲ್ಲ.

ಹೋಗ್ಲಿಬಿಡಪ್ಪ ಹೊರಳಿದ. ತಡೆ, ಹೆಜ್ಜೆ, ಗುದ್ದು. ಮುಷ್ಟಿಯ ಎದುರಿಗೆ ಅಧಿಕಾರಿ ಕುರ್ಚಿಸಮೇತ ಹಿಂದಕ್ಕೆ ಜರುಗಿದರು.

"ಕೊಳವೆ ಒಡೆದಾಗ ನಾನು ತನಿಖೆಗೆ ಬಂದಿದ್ದೆ ಕಣ್ರೀ. ಗೇಟಿನ ತನಕ ಬಂದಿದ್ದೆ. ಒಳಗೆ ತುಂಬಾ ಸೆಕೆ ಅಂದ್ರು, ಬಾಗಿಲು ತೆಗೆದೇ ಇದೆ ಅಂದ್ರು. ಆಯ್ತು ಅಂದೆ. ಎಲ್ಲ ಕಡೆ ಹಾಗೇ ನಡೆಯೋದು."

ಇನ್ನು ತಮ್ಮ ಸರದಿ ಎಂದು ಮ್ಯಾನೇಜರು ಬಲ್ಲರು. ಕಣ್ಣು ಮುಚ್ಚಿಕೊಂಡರು. ಹ್ಯುಂಗ್‌ನ ಶಾಸ್ತ್ರದ ಪ್ರಕಾರ ಅವರಿಗೆ ಅದು ಬರಲೇಬೇಕಿತ್ತು. ಆದರೆ ಹೋಗ್ಲಿಬಿಡಪ್ಪ ಎಂದಿನಂತೆ ತಪ್ಪಿದ. ಬಲಕ್ಕೆ ತಿರುಗಿದ. ಇಕ್ಕೆಲದ ಸಾಲುಗಳೂ ಅವನೊಂದಿಗೆ ತಿರುಗಿದವು. ಮ್ಯಾನೇಜರು ಕಣ್ಣು ಬಿಟ್ಟಾಗ ಬರೀ ಬೆನ್ನುಗಳು. ಓಣಿಯ ಕೊನೆಯಲ್ಲಿ ಬೀಗದಿಂದ ಬೆರಳಗಲ ದೂರಕ್ಕೆ ಅವನ ಮುಷ್ಟಿ ನಿಂತಿತು, ಇಡೀ ವಿಭಾಗ ಹೊಟ್ಟೆಯಿಂದ ಕೂಗಿತು. ಆ ಕೂಗಿಗೆ ಗಾಜಿನ ಕೋಣೆಯಲ್ಲಿದ್ದ ಊಟದ ಡಬ್ಬಿಯ ಮುಚ್ಚಳ ಕೆಳಗೆ ಬಿತ್ತು.

ಮ್ಯಾನೇಜರು ಹಣೆ ಒರೆಸಿಕೊಂಡು ಮೆತ್ತಗಿನ ದನಿ ತೆಗೆದರು. "ನೋಡು, ಆಗಿದ್ದು ಆಯ್ತು. ಆ ಹಬೆ, ಆ ಕೈ ಸುಟ್ಟಿದ್ದು, ಅವೆಲ್ಲ ಹಳೇದು. ಹೋಗ್ಲಿ ಬಿಡಪ್ಪ."

ಜೀವಮಾನವೆಲ್ಲ ತಾನು ಹಂಚಿದ ಮಾತು, ಹೆಸರಾಗಿಯಲ್ಲದೆ ಮಾತಾಗಿಯೇ, ಇನ್ನೊಬ್ಬರ ಬಾಯಿಂದ ಅವನ ಕಿವಿಗೆ ಬಿದ್ದದ್ದು ಅದೇ ಮೊದಲು. ಪಕ್ಕದಲ್ಲೇ ಗುಂಡಿ ಅಕ್ಕನ ಕೈ ಇತ್ತು, ಅರ್ಧ ಚಾಚಿದ್ದು, ಸುಕ್ಕುಗಟ್ಟಿದ್ದು. ಎಷ್ಟು ಇಸ್ತ್ರಿ ಮಾಡಿದರೂ ಹೋಗದ ಸುಕ್ಕು. ಅವನು ಮುಷ್ಟಿ ಹಿಂದಕ್ಕೆ ತೆಗೆದು, ಬಾಗಿಲಿಗೆ ಮುಖಮಾಡಿ, ಸಿದ್ಧನಿಲುವಿನಲ್ಲಿ ನಿಂತ. ಎಲ್ಲರೂ ನಿಂತರು.

ನಿಂತೇ ಇದ್ದರು. ವಿಶ್ರಾಂತಿ ಎನ್ನುವ ಆ ಕೊರಿಯಾದ ಮಾತು ಗೊತ್ತಿದ್ದವರು ಹೋಗ್ಲಿಬಿಡಪ್ಪನನ್ನು ಬಿಟ್ಟರೆ ಅಲ್ಲಿ ಇನ್ನಾರೂ ಇರಲಿಲ್ಲ, ಅವನು ಅದನ್ನು ಹೇಳುವ ಗೋಜಿಗೆ ಹೋಗಲಿಲ್ಲ. ಇಸ್ತ್ರಿಗಳು ಆರತೊಡಗಿದವು. ಹೊರಗೆ ಲಾರಿ ಹಾರ್ನ್ ಹೊಡೆಯಿತು, ಸಂಜೆಗೆ ಅಂಗಿ ಹೊರಡಬೇಕಿತ್ತು.

"ಮುಗೀತಾ?" ಮ್ಯಾನೇಜರು ಕೇಳಿದರು. "ಯಾಕೆ ಅಲ್ಲಾಡ್ತಿಲ್ಲ? ಯಾರಾದ್ರೂ ಏನಾದ್ರೂ ಹೇಳ್ರಪ್ಪ."

ಗುಂಡಿ ಅಕ್ಕ ತಲೆ ತಿರುಗಿಸದೆ ಹೇಳಿದಳು. "ಎದುರಿಗಿರೋ ಬಾಗಿಲು ತೆಗೀಬೇಕು ಸಾರ್. ಆಗ್ಲೇ ಮುಗಿಯೋದು."

"ಅದೂ ಕೊರಿಯಾದ ನಿಯಮಾನಾ?"

"ಹೌದು ಸಾರ್. ಅಲ್ಲಿ ಎಲ್ರೂ ಹಾಗೇ ಮಾಡೋದು."

ಹೋಗ್ಲಿಬಿಡಪ್ಪ ಯಾರ ಮಾತನ್ನೂ ಅಲ್ಲಗಳೆದವನಲ್ಲ. ಇದನ್ನೂ ಅಲ್ಲಗಳೆಯಲಿಲ್ಲ.

ಮ್ಯಾನೇಜರು ಸೂಪರ್‌ವೈಸರನಿಗೆ ಕೀಲಿ ಕೇಳಿದರು. ಸೂಪರ್‌ವೈಸರ್ ನೆಲ ನೋಡಿದ. ಬೀಗ ಹಾಕಿದ ವಾರವೇ ಕೀಲಿ ಕಳೆದುಹೋಗಿತ್ತು. ಕೇಳಿದರೆ ಹೇಳಿದರಾಯಿತು ಅಂದುಕೊಂಡಿದ್ದನಂತೆ, ಯಾರೂ ಕೇಳಲಿಲ್ಲವಂತೆ. ಕೊಳವೆ ಒಡೆದ ದಿನ ಅದೇ ಬಾಗಿಲನ್ನು ಅಷ್ಟು ಕೈಗಳು ಬಡಿದದ್ದು ಅವನ ಲೆಕ್ಕದಲ್ಲಿ ಕೇಳಿದ ಹಾಗಲ್ಲ. ಅಧಿಕಾರಿ ತಟ್ಟನೆ ಇಲಾಖೆಯ ಪಕ್ಷಕ್ಕೆ ಸೇರಿಕೊಂಡು, "ಒಡೀರಿ ಅದನ್ನ" ಎಂದರು. ಸುತ್ತಿಗೆ ಬಂತು. ಬೀಗ ಬಿತ್ತು. ಬಾಗಿಲು ನಾಲ್ಕು ಬೆರಳು ತೆರೆದು, ಢಬ್ ಎಂದು ನಿಂತಿತು.

ಆಚೆ, ಬಾಗಿಲಿಗೆ ಒತ್ತಿಕೊಂಡು, ನೆರಳಿನಲ್ಲಿ ಮ್ಯಾನೇಜರರ ಕಾರು.

"ಅಯ್ಯೋ, ಬಣ್ಣ ಹೋಯ್ತೇನೋ" ಎಂದರು ಮ್ಯಾನೇಜರು. ಆಮೇಲೆ ಎಲ್ಲರ ಮುಖ ನೋಡಿ, "ನಾಳೆ ತೆಗೆಸ್ತೀನಿ" ಎಂದರು.

"ಈಗ್ಲೇ ಸಾರ್" ಎಂದ ಹೋಗ್ಲಿಬಿಡಪ್ಪ.

ದನಿ ಜೋರಾಗಿರಲಿಲ್ಲ. ಟೀಚರಮ್ಮನ ದನಿಯಷ್ಟೇ ಇತ್ತು. ಮ್ಯಾನೇಜರು ಮುಂಬಾಗಿಲಿನಿಂದ ಹೊರಟು, ಕಟ್ಟಡ ಸುತ್ತಿ ಹೋಗಿ, ಕಾರು ಹಿಂದಕ್ಕೆ ತೆಗೆದರು. ಬಾಗಿಲು ಪೂರ್ತಿ ತೆರೆಯಿತು. ಇಷ್ಟು ದಿನ ಅವರು ಗುದ್ದುತ್ತಿದ್ದ ಗಾಳಿ ಒಳಗೆ ಬಂದು ಮೇಜುಗಳ ಮೇಲಿನ ಅಂಗಿಗಳ ತೋಳು ಎತ್ತಿತು.

ಇವತ್ತಿಗೂ ಇಸ್ತ್ರಿ ವಿಭಾಗದಲ್ಲಿ ಯಾರಾದರೂ ಥಟ್ಟನೆ ತಿರುಗಿದರೆ, ಮ್ಯಾನೇಜರು ಮೊದಲು ಎದ್ದು ನೋಡುವುದು ತಮ್ಮ ಕಾರು ಎಲ್ಲಿದೆ ಎಂದು.

ಹೋಗ್ಲಿಬಿಡಪ್ಪ ಪರೀಕ್ಷೆಯಲ್ಲಿ ಫೇಲಾದ. ಎಲ್ಲ ಮಕ್ಕಳೂ ಟೀಚರಮ್ಮನ ಕಡೆ ಗುದ್ದುತ್ತ ಬಂದರೆ ಇವನೊಬ್ಬ ಅವರಿಗೆ ಬೆನ್ನು ಹಾಕಿ ಗೋಡೆಯ ಕಡೆ ಹೋದ. ಹೊಸ ಬೆಲ್ಟು ಕಟ್ಟಿಸಿಕೊಂಡ ಪುಟ್ಟ ಹುಡುಗಿ ಅವನನ್ನು ಕನಿಕರದಿಂದ ನೋಡಿದಳು. ಟೀಚರಮ್ಮ ಮಾತ್ರ ಅವನ ಮುಷ್ಟಿಯನ್ನು ಬಹಳ ಹೊತ್ತು ನೋಡಿದರು.

"ಆಳು ಸಿಕ್ಕಿದ ಹಾಗಿದೆ" ಎಂದರು. "ಯಾರು ಅಂತ ಕೇಳಲ್ಲ. ಆದ್ರೆ ಆ ತಿರುವು ತಪ್ಪು. ಬನ್ನಿ, ತಿದ್ದಿಕೊಡ್ತೀನಿ."

"ಬೇಡ ಟೀಚರಮ್ಮ" ಎಂದ ಅವನು, ಬಿಳಿ ಬೆಲ್ಟನ್ನೇ ಮತ್ತೆ ಬಿಗಿದುಕೊಳ್ಳುತ್ತ. "ನಮ್ಮಲ್ಲಿ ಬಾಗಿಲು ಆ ಕಡೆಗಿದೆ."